ಗುರಿ ತಪ್ಪಿದ ಮೇಲೆ

ಬೇಟೆಯ ಕಥೆ ಹೇಳುವವರು ಸಾಮಾನ್ಯವಾಗಿ ಗುರಿ ತಾಗಿದ ಕಥೆಯನ್ನೇ ಹೇಳುತ್ತಾರೆ. ಈಡು ಹಾರಿತು, ಮಿಗ ಬಿತ್ತು, ಊರಿಗೆಲ್ಲ ಪಾಲು ಹಂಚಿದೆವು ಎನ್ನುವಲ್ಲಿಗೆ ಕಥೆ ಮುಗಿಯುತ್ತದೆ. ಕೇಳುವವರಿಗೂ ಅಷ್ಟೇ ಬೇಕು. ತಾಗದೇ ಹೋದ ಈಡಿನ ಕಥೆಯನ್ನು ಯಾರೂ ಹೇಳುವುದಿಲ್ಲ. ತಾಗಬಾರದ ಕಡೆ ತಾಗಿದ ಈಡಿನ ಕಥೆಯನ್ನಂತೂ ಮನೆಯವರಿಗೂ ಹೇಳುವುದಿಲ್ಲ. ಆದರೆ ಬೇಟೆಯವನು ಏನಾದರೂ ಕಲಿತಿದ್ದರೆ ಅದನ್ನು ಕಲಿತದ್ದು ಇಂಥ ಹೇಳದ ಕಥೆಗಳಿಂದಲೇ ಎಂದು ನನಗೆ ತೋರುತ್ತದೆ. ಅಂಥ ಎರಡು ಕಥೆಗಳು ನಮ್ಮ ಮನೆತನದಲ್ಲಿವೆ. ಒಂದು ಮಲೆನಾಡಿನದು, ಇನ್ನೊಂದು ಅಮೆರಿಕದ್ದು. ನಡುವೆ ಮುಂಬಯಿಯಲ್ಲಿ ಕುಳಿತ ನನಗೆ ಎರಡನ್ನೂ ಕೇಳುವ ಪ್ರಸಂಗ ಬಂತು.

ಲೋಕಲ್ ಗಾಡಿಯಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ಅದನ್ನೇ ದೊಡ್ಡ ಬೇಟೆಯೆಂದು ತಿಳಿಯುವ ನಮ್ಮಂಥ ಮುಂಬಯಿಗರಿಗೆ ಬಿಲ್ಲು, ಬಾಣ, ಜಿಂಕೆಗಳ ಪುರಾಣವೇಕೆ ಎಂದು ಓದುಗರು ಕೇಳಬಹುದು. ಆದರೆ ಜಿಂಕೆ ನಮ್ಮ ಈ ಊರಿನದೇ ಪ್ರಾಣಿ. ಬೋರಿವಲಿಯ ರಾಷ್ಟ್ರೀಯ ಉದ್ಯಾನ ಸುಮಾರು 100 ಚದರ ಕಿಲೋಮೀಟರು ಹರಡಿಕೊಂಡಿದೆ. ಅದರ ಒಂದು ಮಗ್ಗುಲಿಗೆ ಬೋರಿವಲಿ, ಮಲಾಡ್, ಗೋರೆಗಾಂವ್. ಇನ್ನೊಂದು ಮಗ್ಗುಲಿಗೆ ಭಾಂಡುಪ್, ಮುಲುಂಡ್, ಠಾಣೆ. ನಡುವೆ ಬೌದ್ಧ ಭಿಕ್ಷುಗಳ ಕಾನ್ಹೇರಿ ಗುಹೆಗಳು. ಊರಿಗೆ ನಳದ ನೀರು ತರಲೆಂದು 1860ರಲ್ಲಿ ಕಟ್ಟಿದ ವಿಹಾರ್ ಕೆರೆ, 1879ರಲ್ಲಿ ಕಟ್ಟಿದ ತುಳಸಿ ಕೆರೆ. ಈ ಕಾಡಿನಲ್ಲಿ ಚುಕ್ಕೆ ಜಿಂಕೆ ಇದೆ, ಕಡವೆ ಇದೆ, ಕಾಡುಕುರಿ ಇದೆ, ಮೊಲಕ್ಕಿಂತ ತುಸು ದೊಡ್ಡದಾದ ಬರ್ಕವೂ ಇದೆ. ಇವುಗಳ ಬೆನ್ನು ಹತ್ತಿದ ಚಿರತೆಯಂತೂ ನಮ್ಮ ವೃತ್ತಪತ್ರಿಕೆಗಳಿಗೆ ವಾರಕ್ಕೊಮ್ಮೆ ಸುದ್ದಿ ಒದಗಿಸುತ್ತದೆ. ಒಂದೂವರೆ ಕೋಟಿಗೂ ಮೀರಿದ ಜನಸಮೂಹದ ಮಗ್ಗುಲಲ್ಲೇ ಜಿಂಕೆಯೊಂದು ಕಿವಿ ನಿಗುರಿಸಿ ನಿಂತಿರುತ್ತದೆ ಎಂಬುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಆ ಕಾಡಿನ ಒಳಗೂ ಅಂಚಿಗೂ ಇರುವ ಪಾಡಾಗಳಲ್ಲಿ ವಾರಲಿ ಜನ ತಲೆತಲಾಂತರದಿಂದ ವಾಸವಾಗಿದ್ದಾರೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಅವರು ಬರೆಯುವ ಚಿತ್ರಗಳು ಈಗ ನಮ್ಮ ಮನೆಯ ಪರದೆ, ಚೀಲ, ಚಹಾದ ಬಟ್ಟಲುಗಳ ಮೇಲೂ ಬಂದಿವೆ. ಗೋಡೆಯ ಚಿತ್ರವನ್ನು ಕಾಗದದ ಮೇಲೆ ತಂದು ಲೋಕಕ್ಕೆ ಪರಿಚಯಿಸಿದ ಜಿವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ಅವರು ತೀರಿಕೊಂಡರು. ಎರಡು ತ್ರಿಕೋನ ಸೇರಿದರೆ ಒಬ್ಬ ಮನುಷ್ಯ, ಕೈಗೊಂದು ಕಮಾನು ಕೊಟ್ಟರೆ ಅವನು ಬೇಟೆಗಾರ. ಇಂಥ ಚಿತ್ರವೊಂದು ನಮ್ಮ ಮನೆಯ ಗೋಡೆಯ ಮೇಲೂ ಇದೆ. ಅದರಲ್ಲಿ ಬೇಟೆಗಾರ ಬಿಲ್ಲನ್ನು ಎಳೆದು ನಿಂತಿದ್ದಾನೆ, ಎದುರಿಗೆ ಜಿಂಕೆ ಇದೆ, ಬಾಣ ಇನ್ನೂ ಹೊರಟಿಲ್ಲ. ಬೇಟೆಯಲ್ಲಿ ಮನುಷ್ಯನ ಕೈಯಲ್ಲಿರುವುದು ಅಷ್ಟೇ ಹೊತ್ತು. ಹೆದೆ ಬಿಟ್ಟ ಮೇಲೆ ಅವನ ಕೈಯಲ್ಲಿ ಏನೂ ಇಲ್ಲ.

ನಮ್ಮ ಮೂಲ ತೀರ್ಥಹಳ್ಳಿಯ ಕಡೆಯದು. ಅಪ್ಪಯ್ಯನ ಬಳಿ ಒಂದು ಕೇಪಿನ ಕೋವಿ ಇತ್ತು. ಗದ್ದೆ ತೋಟಗಳ ಕಾವಲಿಗೆಂದು ಪಡೆದ ಲೈಸನ್ಸು. ಊರಿನಲ್ಲಿ ಬಿಲ್ಲು ಹಿಡಿದವರನ್ನು ನಾನು ಕಂಡವನಲ್ಲ. ಆದರೂ ಹಳು ನುಗ್ಗಿಸುವ ಬೇಟೆಯಲ್ಲಿ ಕೋವಿಯವರು ಕಾದು ನಿಲ್ಲುವ ಜಾಗಕ್ಕೆ ನಮ್ಮ ಕಡೆ 'ಬಿಲ್ಲು' ಎಂದೇ ಹೆಸರು. 'ನೀನು ಯಾವ ಬಿಲ್ಲಿಗೆ?' ಎಂದರೆ ನೀನು ಎಲ್ಲಿ ನಿಲ್ಲುತ್ತೀ ಎಂದರ್ಥ. ಆಯುಧ ಹೋಗಿ ಎಷ್ಟೋ ಕಾಲವಾದ ಮೇಲೂ ಮಾತು ಉಳಿದುಕೊಂಡಿತ್ತು. ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯಿಂದ ಬಿಲ್ಲು, ಅದರ ಎಲೆಯ ತೊಟ್ಟಿನಿಂದ ಬಾಣ ಮಾಡಿ ಕೂಸಿನ ಕೈಗೆ ಕೊಡುವ ಪದ್ಧತಿ ಹೀಗೆಯೇ ಉಳಿದುಬಂದದ್ದು. ಅಲ್ಲಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಪೂಜೆ ಮುಗಿಸಿ ಹಿಂದೆ ಬೇಟೆಗೆ ಹೊರಡುತ್ತಿದ್ದರು. ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿಡುತ್ತಾರೆ. ತೆಂಗಿನಕಾಯಿಗೆ ಗುರಿ ತಪ್ಪಿದರೆ ಎದುರಿಗಿದ್ದವರು ನಕ್ಕು ಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಮಿಗಕ್ಕೆ ಗುರಿ ತಪ್ಪಿದರೆ ಮುಗಿಯುವುದಿಲ್ಲ.

ಅಪ್ಪಯ್ಯ ಮಾತು ಕಡಿಮೆಯ ಮನುಷ್ಯ. ಕೋವಿಯ ವಿಷಯದಲ್ಲಿ ಅವರು ನಮಗೆ ಹೇಳಿದ್ದು ಮೂರೇ ಮಾತು. ಕಂಡದ್ದಕ್ಕೆ ಹೊಡೆ, ಕೇಳಿದ್ದಕ್ಕೆ ಹೊಡೆಯಬೇಡ. ಹೊಡೆದ ಮೇಲೆ ಎಲೆಯಡಿಕೆ ಹಾಕುವಷ್ಟು ಹೊತ್ತು ಕದಲಬೇಡ. ಗಾಯವಾದದ್ದು ನಿನ್ನದು, ಸಿಕ್ಕಿದರೂ ನಿನ್ನದು, ಸಿಕ್ಕದಿದ್ದರೂ ನಿನ್ನದು.

ಮೊದಲನೆಯದರ ಅರ್ಥ ಹುಡುಗರಾದ ನಮಗೂ ಆಗುತ್ತಿತ್ತು. ಹಳುವಿನಲ್ಲಿ ಸೊಪ್ಪು ಅಲುಗಿದಲ್ಲೆಲ್ಲ ಹಂದಿಯೇ ಇರಬೇಕೆಂದಿಲ್ಲ. ಹಳು ನುಗ್ಗುವ ನಮ್ಮ ಆಳೂ ಇರಬಹುದು. ಎರಡನೆಯದು ಮಾತ್ರ ವಿಚಿತ್ರವಾಗಿ ತೋರುತ್ತಿತ್ತು. ಹೊಡೆದ ಕೂಡಲೇ ಓಡಿ ಹಿಡಿಯಬಾರದೆ? ಅಪ್ಪಯ್ಯ ಚಂಚಿ ಬಿಚ್ಚಿ, ಎಲೆಯ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಕತ್ತರಿಸಿ, ನಿಧಾನವಾಗಿ ಅಗಿದು ಉಗುಳುವವರೆಗೆ ಅರ್ಧ ಗಂಟೆಗೆ ಕಡಿಮೆ ಆಗುತ್ತಿರಲಿಲ್ಲವಂತೆ. ಆಮೇಲೆ ಎದ್ದು, ಮಿಗ ನಿಂತಿದ್ದ ಜಾಗದಲ್ಲಿ ಒಂದು ಸೊಪ್ಪು ಮುರಿದು ಗುರುತು ಮಾಡಿ, ನೆಲ ನೋಡುತ್ತಿದ್ದರು. ಬಿದ್ದ ರೋಮದ ಬಣ್ಣ ನೋಡಿದರೆ ಮೈಯ ಯಾವ ಭಾಗಕ್ಕೆ ತಾಗಿದೆ ಎಂದು ತಿಳಿಯುತ್ತದೆ. ರಕ್ತ ನೊರೆ ನೊರೆಯಾಗಿ ಕೆಂಪಗಿದ್ದರೆ ಪುಪ್ಪುಸಕ್ಕೆ ತಾಗಿದೆ, ಮಿಗ ದೂರ ಹೋಗಿರುವುದಿಲ್ಲ. ಕಪ್ಪುಗೆಂಪಾಗಿದ್ದರೆ ಯಕೃತ್ತಿಗೆ ತಾಗಿದೆ, ಇನ್ನಷ್ಟು ಕಾಯಬೇಕು. ಹಸುರು ಕಲೆತಿದ್ದು ನಾತ ಬಂದರೆ ಕರುಳಿಗೆ ತಾಗಿದೆ. ಅಂದು ಮನೆಗೆ ಹೋಗಿ ಮರುದಿನ ಬರಬೇಕು. ಗಾಯಗೊಂಡ ಪ್ರಾಣಿ ಯಾರೂ ಬೆನ್ನಟ್ಟದಿದ್ದರೆ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ. ಆತುರಪಟ್ಟು ಹಿಂದೆ ಬಿದ್ದರೆ ಪ್ರಾಣ ಹಿಡಿದುಕೊಂಡು ಎರಡು ಗುಡ್ಡ ದಾಟಿ ಹೋಗುತ್ತದೆ, ಮತ್ತೆ ನಮ್ಮ ಕೈಗೂ ಇಲ್ಲ, ಅದಕ್ಕೂ ಸುಖಮರಣವಿಲ್ಲ.

ಮೂರನೆಯ ಮಾತಿನ ಅರ್ಥವಾದದ್ದು 1964ರ ಸುಮಾರಿಗೆ, ನಾನು ಹನ್ನೊಂದು ವರ್ಷದವನಾಗಿದ್ದಾಗ. ನೆಲ್ಲಿಕಾಯಿ ಉದುರುವ ಕಾಲ. ಕಡವೆಗಳು ನೆಲ್ಲಿಯ ಮರದ ಬುಡಕ್ಕೆ ಬರುತ್ತಿದ್ದವು. ಅಪ್ಪಯ್ಯ ಸಂಜೆ ಮರಸು ಕುಳಿತಿದ್ದರು. ಮಬ್ಬುಗತ್ತಲೆಯಲ್ಲಿ ಬಂದ ದೊಡ್ಡ ಕಡವೆಗೆ ಈಡು ಹಾರಿಸಿದರು. ಅದೇ ಕ್ಷಣಕ್ಕೆ ಅದು ಒಂದು ಹೆಜ್ಜೆ ಮುಂದಿಟ್ಟಿತ್ತು. ಕಂಕುಳಿನ ಹಿಂದೆ ತಾಗಬೇಕಾದ ಗುಂಡು ಹೊಟ್ಟೆಗೆ ತಾಗಿತು. ರಾತ್ರಿ ಮನೆಗೆ ಬಂದು ಅಪ್ಪಯ್ಯ ಊಟ ಮಾಡಲಿಲ್ಲ. ಬೆಳಗಾಗುವ ಮೊದಲೇ ನಾಯಿಯನ್ನೂ ಒಬ್ಬ ಆಳನ್ನೂ ಕರೆದುಕೊಂಡು ಹೊರಟರು. ಅಂದು ಸಿಕ್ಕಲಿಲ್ಲ. ಮರುದಿನವೂ ಸಿಕ್ಕಲಿಲ್ಲ. ಅಡಿಕೆ ಕೊಯ್ಲಿನ ದಿನಗಳು, ತೋಟದಲ್ಲಿ ಕೆಲಸ ಬಿದ್ದಿತ್ತು. ಅಮ್ಮ ಗೊಣಗಿದರೂ ಕೇಳಲಿಲ್ಲ. ಮೂರನೆಯ ದಿನ ಹಳ್ಳದ ಕಡೆ ಹದ್ದು ಸುತ್ತುವುದು ಕಂಡಿತು. ನನ್ನನ್ನೂ ಕರೆದುಕೊಂಡು ಹೋದರು. ನೀರಿನ ಅಂಚಿಗೆ ಮೂತಿ ಚಾಚಿ ಅದು ಬಿದ್ದಿತ್ತು. ಹೊಟ್ಟೆಗೆ ಪೆಟ್ಟು ಬಿದ್ದ ಮಿಗ ಬಾಯಾರಿ ನೀರು ಹುಡುಕಿಕೊಂಡು ಹೋಗುತ್ತದೆ ಎಂದು ಅಪ್ಪಯ್ಯ ಹೇಳಿದರು. ನಡೆದ ದಾರಿಯಲ್ಲಿ ಅದು ಮಲಗಿ ಎದ್ದ ಗುರುತು ಐದಾರು ಕಡೆ ಇತ್ತು. ಪ್ರತಿಯೊಂದನ್ನೂ ನನಗೆ ತೋರಿಸಿದರು. ಏಕೆ ತೋರಿಸಿದರೆಂದು ಆಗ ಕೇಳಲು ಧೈರ್ಯವಾಗಲಿಲ್ಲ. ಹಿಂತಿರುಗುವಾಗ ಅವರು ಆಡಿದ್ದು ಒಂದೇ ಮಾತು: 'ಈ ವರ್ಷದ ನಮ್ಮ ಪಾಲು ಆಯಿತು.' ಆ ವರ್ಷ ಅವರು ಮತ್ತೆ ಕೋವಿ ತೆಗೆಯಲಿಲ್ಲ. ನೆರೆಯವರು ಬೇಟೆಗೆ ಕರೆದರೆ 'ನನ್ನದು ಆಯಿತು' ಎನ್ನುತ್ತಿದ್ದರು. ಏನೂ ತಾರದೆ ಆಯಿತು ಎನ್ನುವವನನ್ನು ಕಂಡು ಅವರು ನಗುತ್ತಿದ್ದರು.

ಇದನ್ನೆಲ್ಲ ನಾನು ಮರೆತೇ ಬಿಟ್ಟಿದ್ದೆನೆನ್ನಬೇಕು. ಮುಂಬಯಿಗೆ ಬಂದೆ, ನೌಕರಿ, ಸಂಸಾರ, ನಿವೃತ್ತಿ ಎಲ್ಲ ಆಯಿತು. ಕೆಲವು ವರ್ಷಗಳ ಹಿಂದೆ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಒಂದು ಬೆಳಗ್ಗೆ ತಮ್ಮನ ಮಗನ ಫೋನು ಬಂತು. ಅವನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂಜಿನಿಯರು. ಜೊತೆಯಲ್ಲಿ ಕೆಲಸ ಮಾಡುವವರ ಸಹವಾಸದಿಂದ ಬಿಲ್ಲುಬೇಟೆ ಹತ್ತಿಸಿಕೊಂಡಿದ್ದಾನೆಂದು ಕೇಳಿದ್ದೆ. ಅಲ್ಲಿ ಅದಕ್ಕೆ ತರಬೇತಿ ಇದೆ, ಲೈಸನ್ಸು ಇದೆ, ಶರತ್ಕಾಲದಲ್ಲಿ ಗೊತ್ತುಪಡಿಸಿದ ವಾರಗಳಿವೆ, ಒಂದು ಜಿಂಕೆಗೆ ಒಂದು ಚೀಟಿಯೆಂಬ ಲೆಕ್ಕವಿದೆ.

'ದೊಡ್ಡಪ್ಪಾ, ಒಂದು ವಿಷಯ ಕೇಳಬೇಕಿತ್ತು. ಅಪ್ಪನಿಗೆ ಹೇಳಿದರೆ ಅಮ್ಮನಿಗೆ ಗೊತ್ತಾಗುತ್ತೆ. ಅಮ್ಮನಿಗೆ ಗೊತ್ತಾದರೆ ಧರ್ಮಸ್ಥಳಕ್ಕೆ ಹರಕೆ ಹೊರುತ್ತಾಳೆ. ಅದಕ್ಕೇ ನಿಮಗೆ ಮಾಡಿದೆ' ಎಂದ. ದನಿ ಸರಿಯಿರಲಿಲ್ಲ.

ಅವನು ಹೇಳಿದ್ದು ಇಷ್ಟು. ಮರದ ಮೇಲೆ ಕಟ್ಟಿದ ಅಟ್ಟದಲ್ಲಿ ಸಂಜೆ ಕುಳಿತಿದ್ದಾನೆ. ಬಿಳಿಬಾಲದ ಜಿಂಕೆಯೊಂದು ಸುಮಾರು 32 ಮೀಟರ್ ದೂರದಲ್ಲಿ ಅಡ್ಡಲಾಗಿ ನಿಂತಿದೆ. ಬಿಲ್ಲು ಎಳೆದು ಬಿಟ್ಟ. ಹೆದೆಯ ಸದ್ದಿಗೆ ಜಿಂಕೆ ಕಾಲು ಕುಗ್ಗಿಸಿ ತಿರುಗಿತು. ಬಾಣ ಎದೆಗೂಡನ್ನು ಬಿಟ್ಟು ಹಿಂದಕ್ಕೆ ತಾಗಿತು. ಇಳಿದು ನೋಡಿದರೆ ಬಾಣದ ಮೇಲೆ ಹಸುರು. ಕತ್ತಲಾಗುತ್ತಿದೆ, ಮಳೆಯ ಸೂಚನೆಯೂ ಇದೆ. ಗುರುತು ತೊಳೆದುಹೋದೀತೆಂದು ಹೆದರಿ ಇಪ್ಪತ್ತು ನಿಮಿಷಕ್ಕೇ ಬ್ಯಾಟರಿ ಹಿಡಿದು ಹಿಂದೆ ಹೊರಟ. ನೂರು ಗಜ ಹೋಗುವಷ್ಟರಲ್ಲಿ ಮುಂದೆ ಪೊದೆಯಲ್ಲಿ ಏನೋ ಎದ್ದು ಓಡಿದ ಸದ್ದಾಯಿತು. ಆಮೇಲೆ ರಕ್ತದ ಒಂದು ಹನಿಯೂ ಸಿಕ್ಕಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಹುಡುಕಿದ. ಮರುದಿನ ರಜೆ ಹಾಕಿ ಹುಡುಕಿದ. ಸಿಕ್ಕಲಿಲ್ಲ. 'ಅಜ್ಜನಿಗೆ ಹೀಗೆ ಎಂದಾದರೂ ಆಗಿತ್ತಾ ದೊಡ್ಡಪ್ಪ? ಆಗಿದ್ದರೆ ಏನು ಮಾಡುತ್ತಿದ್ದರು?'

ಅಲ್ಲಿಯ ಜೊತೆಗಾರರು ಅವನಿಗೆ ಸಮಾಧಾನ ಹೇಳಿದ್ದರಂತೆ. ಎಲ್ಲರಿಗೂ ಆಗುವುದೇ, ಬಿಟ್ಟುಬಿಡು ಎಂದು. ಆ ಸಮಾಧಾನ ಅವನಿಗೆ ಸಾಲದಾಗಿತ್ತು.

ನಾನು ಕಡವೆಯ ಕಥೆ ಹೇಳಿದೆ. ಮೂರು ದಿನ, ಹಳ್ಳ, ಹದ್ದು, ಮಲಗಿ ಎದ್ದ ಗುರುತುಗಳು, ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಫೋನು ಕಡಿದುಹೋಯಿತೆಂದು ತಿಳಿದು 'ಹಲೋ, ಹಲೋ' ಎಂದೆ. 'ಇದ್ದೇನೆ ದೊಡ್ಡಪ್ಪ. ಅಜ್ಜ ಮೂರು ದಿನ ಹುಡುಕಿದರು. ನಾನು ಒಂದೇ ದಿನ ರಜೆ ಹಾಕಿದ್ದೆ. ಇಲ್ಲೂ ಕೆಳಗೆ ಒಂದು ತೊರೆ ಇದೆ' ಎಂದ.

ಆಮೇಲೆ ನಾನು ಈ ಬಿಲ್ಲುಬೇಟೆಯ ವಿಷಯವನ್ನು ಸ್ವಲ್ಪ ಓದಿ ತಿಳಿದುಕೊಂಡೆ. ಕೋವಿಯ ಗುಂಡು ಪೆಟ್ಟಿನ ಆಘಾತದಿಂದಲೂ ಕೆಡಹುತ್ತದೆ. ಬಾಣ ಹಾಗಲ್ಲ, ಅದು ಕತ್ತಿಯಂತೆ ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಆದ್ದರಿಂದ ಪುಪ್ಪುಸಕ್ಕೆ ಸರಿಯಾಗಿ ನೆಟ್ಟ ಬಾಣದಿಂದಲೂ ಜಿಂಕೆ ಐವತ್ತು ನೂರು ಮೀಟರು ಓಡಿಯೇ ಬೀಳುವುದು. ಮುಂದಿನ ಕಾಲಿನ ಹಿಂದುಗಡೆ ಎರಡು ಅಂಗೈ ಅಗಲದಷ್ಟು ಜಾಗ, ಅಷ್ಟೇ ಗುರಿ. ಎದುರಿನಿಂದ ಬಿಟ್ಟರೆ ಎದೆಯ ಮೂಳೆ ತಡೆಯುತ್ತದೆ. ತೀರ ಮೇಲಿನಿಂದ ಬಿಟ್ಟರೆ ಒಂದೇ ಪುಪ್ಪುಸಕ್ಕೆ ತಾಗಿ ಇನ್ನೊಂದು ಉಳಿಯುತ್ತದೆ. ಅಡ್ಡಲಾಗಿ ನಿಂತಾಗ, ಇಲ್ಲವೇ ಸ್ವಲ್ಪ ಆಚೆಗೆ ಮುಖ ಮಾಡಿ ನಿಂತಾಗ ಮಾತ್ರ ಬಿಡಬೇಕು.

ಇನ್ನು ಹೆದೆಯ ಸದ್ದು. ಈಗಿನ ಕಾಲದ ರಾಟೆಬಿಲ್ಲಿನ ಬಾಣ ಸೆಕೆಂಡಿಗೆ 80, 90 ಮೀಟರ್ ಹೋಗುತ್ತದೆ. ನಮ್ಮ ಬಿದಿರು ಬಿಲ್ಲಿನದು ಅದಕ್ಕಿಂತ ಬಹಳ ನಿಧಾನ. ಶಬ್ದವಾದರೋ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 32 ಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ ಶಬ್ದ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಜಿಂಕೆಯ ಕಿವಿಗೆ ತಲುಪುತ್ತದೆ. ಬಾಣ ತಲುಪಲು ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಬೇಕು. ಆ ನಡುವಿನ ಕಾಲು ಸೆಕೆಂಡಿನಲ್ಲಿ ಜಿಂಕೆ ನೆಗೆಯಲು ಮೈ ಕುಗ್ಗಿಸುತ್ತದೆ. ದೂರ ಅರ್ಧಕ್ಕಿಳಿದರೆ ಆ ಅವಕಾಶವೂ ಅರ್ಧಕ್ಕಿಳಿಯುತ್ತದೆ. ಅಂದಮೇಲೆ ಎಷ್ಟು ದೂರಕ್ಕೆ ಹೊಡೆಯಬಲ್ಲೆ ಎನ್ನುವುದಕ್ಕಿಂತ ಎಷ್ಟು ಹತ್ತಿರಕ್ಕೆ ಹೋಗಬಲ್ಲೆ ಎನ್ನುವುದೇ ವಿದ್ಯೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್ ಎಂಬ ಊರಿಗೆ ತನ್ನ ಯಾಹಿ ಬುಡಕಟ್ಟಿನಲ್ಲಿ ಉಳಿದ ಕೊನೆಯವನಾಗಿ ಒಬ್ಬ ಆದಿವಾಸಿ ಬಂದ. ಇಶಿ ಎಂದು ಅವನನ್ನು ಕರೆದರು. ಸ್ಯಾಕ್ಸ್‌ಟನ್ ಪೋಪ್ ಎಂಬ ಡಾಕ್ಟರು ಅವನಿಂದ ಬಿಲ್ವಿದ್ಯೆ ಕಲಿತು 1923ರಲ್ಲಿ ಪುಸ್ತಕ ಬರೆದರು. ಅಮೆರಿಕದಲ್ಲಿ ಬಿಲ್ಲುಬೇಟೆ ಮತ್ತೆ ಚಿಗುರಿದ್ದಕ್ಕೆ ಅದು ಮುಖ್ಯ ಕಾರಣವಾಯಿತು. ಇಶಿ ಬೇಟೆಯ ಹಿಂದಿನ ದಿನ ಮೀನು ತಿನ್ನುತ್ತಿರಲಿಲ್ಲ, ಹೊಗೆಬತ್ತಿ ಮುಟ್ಟುತ್ತಿರಲಿಲ್ಲ, ಮುಂಜಾನೆ ತೊರೆಯಲ್ಲಿ ಮಿಂದು ಪರಿಮಳದ ಸೊಪ್ಪು ಮೈಗೆ ತಿಕ್ಕಿಕೊಂಡು ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದನಂತೆ. ವ್ರತವೆಂದು ಕಂಡರೂ ಅದರಲ್ಲಿ ಲೆಕ್ಕಾಚಾರವಿದೆ. ಮನುಷ್ಯನ ವಾಸನೆ ಹೋಗದೆ ಜಿಂಕೆಯ ಹತ್ತಿರ ಹೋಗಲಾಗದು.

ಇದನ್ನು ಓದುತ್ತಿರುವಾಗ ನಮ್ಮ ಪುರಾಣಗಳು ನೆನಪಾದವು. ಮುಂಬಯಿಯ ತಾಳಮದ್ದಳೆಗಳಲ್ಲಿ ಎಷ್ಟೋ ಸಲ ಕೇಳಿದ ಕಥೆಗಳೇ. ಆದರೆ ಬೇಟೆಗಾರನ ಕಣ್ಣಿನಿಂದ ನೋಡಿರಲಿಲ್ಲ. ದಶರಥ ಮಳೆಗಾಲದ ಇರುಳಿನಲ್ಲಿ ಸರಯೂ ತೀರದಲ್ಲಿ ಕೊಡಕ್ಕೆ ನೀರು ತುಂಬುವ ಸದ್ದು ಕೇಳಿ ಆನೆಯೆಂದು ಬಾಣ ಬಿಟ್ಟ, ತಾಗಿದ್ದು ಮುನಿಕುಮಾರನಿಗೆ. ಪಾಂಡು ಜೊತೆಗೂಡಿದ್ದ ಜಿಂಕೆಗಳಿಗೆ ಹೊಡೆದ. ಜಿಂಕೆಯ ರೂಪದಲ್ಲಿದ್ದವನು ಕಿಂದಮ ಋಷಿ. ಜರನೆಂಬ ಬೇಡ ಪೊದೆಯ ಮರೆಯಲ್ಲಿ ಕಂಡದ್ದನ್ನು ಜಿಂಕೆಯೆಂದು ಬಗೆದು ಹೊಡೆದ. ಅದು ಶ್ರೀಕೃಷ್ಣನ ಪಾದ. ಗುಜರಾತದ ವೇರಾವಲದ ಹತ್ತಿರ ಸೋಮನಾಥಕ್ಕೆ ಯಾತ್ರೆ ಹೋದ ನಮ್ಮವರು ಭಾಲ್ಕಾ ತೀರ್ಥದಲ್ಲಿ ಆ ಜಾಗವನ್ನು ನೋಡಿಯೇ ಬಂದಿರುತ್ತಾರೆ. ರಾಮಾಯಣದ ಬುಡದಲ್ಲಿ ಒಂದು ಕೆಟ್ಟ ಬಾಣ, ಭಾರತದ ಬುಡದಲ್ಲಿ ಒಂದು, ಯದುಕುಲದ ಕೊನೆಯಲ್ಲಿ ಒಂದು. ಗಮನಿಸಬೇಕಾದ್ದೆಂದರೆ ಮೂರರಲ್ಲಿ ಒಂದೂ ಗುರಿ ತಪ್ಪಿದ್ದಲ್ಲ. ಮೂವರ ಕೈಯೂ ನಡುಗಲಿಲ್ಲ, ಮೂರು ಬಾಣವೂ ನೆಟ್ಟವು. ಒಬ್ಬ ನೋಡದೆ ಕಿವಿಯನ್ನು ನಂಬಿದ, ಒಬ್ಬ ಹೊತ್ತು ನೋಡದೆ ಹೊಡೆದ, ಒಬ್ಬ ಪೂರ್ತಿ ಕಾಣುವ ಮೊದಲೇ ಹೊಡೆದ. ಕಿಂದಮ ಪಾಂಡುವಿಗೆ ಹೇಳುವ ಮಾತು ನ್ಯಾಯವಾಗಿದೆ. ರಾಜರು ಬೇಟೆಯಾಡುವುದನ್ನು ಅವನು ದೂರುವುದಿಲ್ಲ. ಅಷ್ಟು ಹೊತ್ತು ಕಾಯಬಹುದಿತ್ತಲ್ಲ ಎನ್ನುತ್ತಾನೆ. ಇಂದು ಪೆನ್ಸಿಲ್ವೇನಿಯಾದಲ್ಲಿ ಬೇಟೆಯ ತರಬೇತಿ ಕೊಡುವವರು ಮೊದಲ ದಿನ ಹೇಳಿಕೊಡುವುದೂ ಇದನ್ನೇ: ಸದ್ದಿಗೆ ಹೊಡೆಯಬೇಡ, ತುಣುಕು ಕಂಡದ್ದಕ್ಕೆ ಹೊಡೆಯಬೇಡ, ಏನೆಂದು ಖಚಿತವಾಗುವ ತನಕ ಕಾಯು. ಹೊತ್ತಿನ ವಿಷಯದಲ್ಲಿ ಮಾತ್ರ ಅವರದು ಬೇರೆ. ಅಲ್ಲಿಯ ಬೇಟೆಯ ಕಾಲ ಜಿಂಕೆಗಳು ಜೊತೆಗೂಡುವ ಕಾಲವನ್ನೇ ತಾಗಿ ಬರುತ್ತದೆ. ಕಿಂದಮನನ್ನು ಕೇಳಿದವರು ಅಲ್ಲಿ ಯಾರೂ ಇದ್ದಂತಿಲ್ಲ!

ದ್ರೋಣರ ಪರೀಕ್ಷೆಯ ಕಥೆಯೂ ನೆನಪಾಯಿತು. ಮರ ಕಾಣುತ್ತದೆಯೇ, ಕೊಂಬೆ ಕಾಣುತ್ತದೆಯೇ ಎಂದು ಗುರುಗಳು ಕೇಳಿದಾಗ ಹಕ್ಕಿಯೊಂದೇ, ಅದರ ತಲೆಯೊಂದೇ ಕಾಣುತ್ತದೆ ಎಂದವನು ಅರ್ಜುನ. ಏಕಾಗ್ರತೆಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ದ್ರೋಣರ ಹಕ್ಕಿ ಕುಶಲಕರ್ಮಿಗಳು ಮಾಡಿದ ಬೊಂಬೆ. ಅದು ಹೆದೆಯ ಸದ್ದಿಗೆ ತಿರುಗುವುದಿಲ್ಲ, ಹೊಟ್ಟೆಗೆ ತಾಗಿದರೆ ನೀರು ಹುಡುಕಿಕೊಂಡು ಹೋಗುವುದಿಲ್ಲ. ಜೀವಂತ ಜಿಂಕೆಯ ಮುಂದೆ ನಿಂತವನಿಗೆ ಗುರಿಯ ಜೊತೆಗೆ ನಡುವಿನ ಕಡ್ಡಿಯೂ ಕಾಣಬೇಕು, ಹಿಂದೆ ನಿಂತ ಮರಿಯೂ ಕಾಣಬೇಕು, ಮುಳುಗುತ್ತಿರುವ ಸೂರ್ಯನೂ ಕಾಣಬೇಕು. ಸಂಜೆಗತ್ತಲೆಯಲ್ಲಿ ಹೊಡೆದ ಮೇಲೆ ಹುಡುಕಲು ಬೆಳಕೆಲ್ಲಿ? ಅಪ್ಪಯ್ಯನ ಕಡವೆಗೂ ನಮ್ಮ ಹುಡುಗನ ಜಿಂಕೆಗೂ ವಿಧಿಯಾದದ್ದು ಆ ಹೊತ್ತೇ.

ಚಿರತೆಗೂ ಹುಲಿಗೂ ಗುರಿ ತಪ್ಪುತ್ತದೆ. ಹಾರಿದ ಬಹುಪಾಲು ಸಲ ಅವು ಬರಿಬಾಯಲ್ಲೇ ಹಿಂತಿರುಗುತ್ತವೆ. ಆದರೆ ಬೋರಿವಲಿಯ ಚಿರತೆಯ ಹಿಡಿತ ತಪ್ಪಿದ ಜಿಂಕೆ ಸಾಮಾನ್ಯವಾಗಿ ಇಡಿಯಾಗಿಯೇ ಪಾರಾಗುತ್ತದೆ. ಮನುಷ್ಯನೊಬ್ಬನೇ ತಾನಿಲ್ಲದ ಜಾಗಕ್ಕೆ ತನ್ನ ಪೆಟ್ಟನ್ನು ಕಳಿಸಬಲ್ಲವನು. ಆ ಪೆಟ್ಟು ಅರೆಬರೆಯಾದರೆ ಫಲ ಎಲ್ಲೆಲ್ಲಿಗೋ ಹೋಗುತ್ತದೆ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತು. ಸತ್ತ ಮೇಲೆ ನೋಡಿದರೆ ಅದರ ಬಲಗಡೆಯ ಕೋರೆಹಲ್ಲುಗಳು ಮೇಲಿನದೂ ಕೆಳಗಿನದೂ ಮುರಿದಿದ್ದವು. ಹಿಂದೆಂದೋ ಯಾರೋ ಹೊಡೆದ ಗುಂಡಿನ ಗಾಯ. ಸಹಜವಾದ ಬೇಟೆ ಸಾಧ್ಯವಾಗದೆ ಅದು ಮನುಷ್ಯರನ್ನು ಹಿಡಿಯತೊಡಗಿತೆಂದು ಕಾರ್ಬೆಟ್ ತರ್ಕಿಸಿದರು. ಆ ಗುಂಡು ಹಾರಿಸಿದವನು ಗುರಿ ತಪ್ಪಿತೆಂದು ಮನೆಗೆ ಹೋಗಿ ಊಟ ಮಾಡಿ ಮಲಗಿರಬೇಕು. ನಮ್ಮ ಕರ್ನಾಟಕದ ಕಾಡುಗಳಲ್ಲಿ ಕೆನೆತ್ ಆಂಡರ್ಸನ್ ಬೆನ್ನಟ್ಟಿದ ನರಭಕ್ಷಕಗಳ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೂ ಇಂಥ ಹಳೆಯ ಗಾಯಗಳ ಪರಿಚಯವಿದೆ.

ನಮ್ಮ ದೇಶದಲ್ಲಿ ಈ ಬಾಗಿಲು ಮುಚ್ಚಿದೆ. 1972ರಲ್ಲಿ ವನ್ಯಜೀವಿ ರಕ್ಷಣಾ ಕಾಯ್ದೆ ಬಂತು; ಪರವಾನಗಿ ಪಡೆದು ಬೇಟೆಯಾಡಲು ಉಳಿದಿದ್ದ ಅವಕಾಶವೂ 1991ರ ತಿದ್ದುಪಡಿಯಿಂದ ಹೋಯಿತು. ಮುಚ್ಚಿದ್ದು ಒಳ್ಳೆಯದೇ ಆಯಿತು. ಪೆನ್ಸಿಲ್ವೇನಿಯಾದಲ್ಲೂ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಿಂಕೆ ಹೆಚ್ಚುಕಡಿಮೆ ನಿರ್ನಾಮವಾಗಿತ್ತು. 1895ರಲ್ಲಿ ಬೇಟೆಯನ್ನು ಹದ್ದುಬಸ್ತಿನಲ್ಲಿಡಲು ಆಯೋಗ ಮಾಡಿ, ಕಟ್ಟುನಿಟ್ಟು ತಂದು ಬೆಳೆಸಿದರು. ಅಲ್ಲಿ ಈಗ ತೋಳವಿಲ್ಲ, ಜಿಂಕೆ ವಿಪರೀತವಾಗಿದೆ. ನಮ್ಮಲ್ಲಿ ಜಿಂಕೆಗೆ ಚಿರತೆಯಿದೆ, ಹುಲಿಯಿದೆ, ಸಾಲದೆಂಬಂತೆ ಕಳ್ಳಬೇಟೆಯವರ ತಂತಿಯ ಉರುಳುಗಳಿವೆ. ಕಾವಲುಗಾರರು ಕಾಡಿನಲ್ಲಿ ಅಲೆದು ಅಂಥ ಉರುಳುಗಳನ್ನು ಹುಡುಕಿ ಕಿತ್ತು ತರುತ್ತಾರೆ. ಉರುಳೊಡ್ಡಿದವನು ಕಾಯುವುದಿಲ್ಲ, ನೋಡುವುದಿಲ್ಲ, ಹಂದಿಗೆಂದು ಒಡ್ಡಿದ್ದಕ್ಕೆ ಚಿರತೆ ಬಿದ್ದರೂ ಅವನಿಗೆ ತಿಳಿಯುವುದಿಲ್ಲ. ಅಪ್ಪಯ್ಯನ ಮೂರು ಮಾತಿನಲ್ಲಿ ಒಂದೂ ಅವನಿಗೆ ಅನ್ವಯಿಸುವುದಿಲ್ಲ.

ಬಿಲ್ವಿದ್ಯೆಯೇನೂ ಕಾಯ್ದೆಯಿಂದ ಸಾಯಲಿಲ್ಲ. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೆದು ಕಲಿತ ಕೈಯಿಂದಲೇ ಮೂರು ಒಲಿಂಪಿಕ್ಸ್‌ಗಳಲ್ಲಿ ದೇಶಕ್ಕಾಗಿ ಆಡಿದ. 1992ರಲ್ಲಿ ಬೀಜಿಂಗಿನ ಏಷ್ಯಾ ಸ್ಪರ್ಧೆಯಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದ.

ನಮ್ಮ ಹುಡುಗನ ವಿಷಯ ಅರ್ಧಕ್ಕೇ ಬಿಟ್ಟೆ. ಫೋನು ಮಾಡಿದ ಮೇಲೆ ಅವನು ಮತ್ತೆ ಎರಡು ದಿನ ರಜೆ ಹಾಕಿ ತೊರೆಯ ಗುಂಟ ಹುಡುಕಿದನಂತೆ. ಅಲ್ಲಿ ಈಗ ಹಗ್ಗ ಕಟ್ಟಿದ ನಾಯಿಯಿಂದ ಗಾಯದ ಜಾಡು ಹಿಡಿಸಲು ಕಾನೂನಿನ ಒಪ್ಪಿಗೆ ಇದೆ. ಅಂಥ ನಾಯಿಯೊಂದನ್ನು ಕರೆಸಿದನಂತೆ. ಮಳೆ ಬಿದ್ದು ಜಾಡು ತೊಳೆದುಹೋಗಿತ್ತು. ಜಿಂಕೆ ಸಿಕ್ಕಲಿಲ್ಲ. ಕಾನೂನಿನ ಪ್ರಕಾರ ಅವನ ಚೀಟಿ ಇನ್ನೂ ಖರ್ಚಾಗಿರಲಿಲ್ಲ, ಇನ್ನೊಂದು ಜಿಂಕೆ ಹೊಡೆಯಬಹುದಿತ್ತು. ಅವನು ಚೀಟಿಯನ್ನು ಹರಿದು ಬಿಲ್ಲನ್ನು ಗೂಡಿಗೆ ಹಾಕಿದ. 'ಯಾಕಯ್ಯಾ, ಸೀಸನ್ ಇನ್ನೂ ಇದೆಯಲ್ಲ?' ಎಂದು ಜೊತೆಗಾರರು ಕೇಳಿದ್ದಕ್ಕೆ 'ಈ ವರ್ಷದ ನನ್ನ ಪಾಲು ಆಯಿತು' ಎಂದನಂತೆ. ತಾವೂ ಹಾಗೆಯೇ ಮಾಡುತ್ತೇವೆಂದು ಅವರಲ್ಲಿ ಇಬ್ಬರು ಹಿರಿಯರು ಹೇಳಿದರಂತೆ. ಯಾರೂ ಬರೆದಿಡದ ಕಟ್ಟಳೆ ತೀರ್ಥಹಳ್ಳಿಯಲ್ಲೂ ಅಲ್ಲಿಯೂ ಒಂದೇ ಆಗಿರುವುದು ಕೇಳಿ ನನಗೆ ಅಪ್ಪಯ್ಯನನ್ನು ನೋಡಿ ನಗುತ್ತಿದ್ದ ನೆರೆಯವರ ನೆನಪಾಯಿತು.

ಮರುವರ್ಷ ಬೇಸಗೆಯಿಡೀ ಅವನು ಹದಿನೈದು ಇಪ್ಪತ್ತು ಮೀಟರಿನಾಚೆಗೆ ಬಾಣವನ್ನೇ ಬಿಡದೆ ಅಭ್ಯಾಸ ಮಾಡಿದ. ಶರತ್ಕಾಲದಲ್ಲಿ ಏಳು ಸಲ ಅಟ್ಟ ಹತ್ತಿದ. ಮೂರು ಸಲ ಬಿಲ್ಲು ಎಳೆದು ಮತ್ತೆ ಇಳಿಸಿದ: ಒಮ್ಮೆ ನಡುವೆ ಕೊಂಬೆಯಿತ್ತು, ಒಮ್ಮೆ ದೂರವಾಯಿತು, ಒಮ್ಮೆ ಬೆಳಕು ಸಾಲದಾಯಿತು. ಏಳನೆಯ ಸಲ ಬೆಳಗ್ಗೆ ಎಂಟು ಗಂಟೆಗೆ ಹದಿನಾಲ್ಕು ಮೀಟರಿನಲ್ಲಿ ಬಿಟ್ಟ ಬಾಣ ಸರಿಯಾಗಿ ನೆಟ್ಟಿತು. ಜಿಂಕೆ ಕಣ್ಣೆದುರೇ ಬಿತ್ತು. 'ಆದರೂ ಅರ್ಧ ಗಂಟೆ ಕದಲಲಿಲ್ಲ ದೊಡ್ಡಪ್ಪ. ಇಲ್ಲಿ ಎಲೆಯಡಿಕೆ ಎಲ್ಲಿಂದ ತರಲಿ? ಫ್ಲಾಸ್ಕಿನಲ್ಲಿ ಕಾಫಿ ಇತ್ತು, ಅದನ್ನೇ ಕುಡಿದು ಮುಗಿಸಿ ಇಳಿದೆ' ಎಂದು ಹೇಳಿದ.

ಬೇಟೆಯೆಂದರೆ ಮೂಗು ಮುರಿಯುವ ನನ್ನ ಮನೆಯಾಕೆ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದಳು. ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಆ ಮೊದಲನೆಯದು ಸಿಕ್ಕಲೇ ಇಲ್ಲವಲ್ಲ' ಎಂದು ಎದ್ದು ಒಳಗೆ ಹೋದಳು.